ಹಾಲೆರೆದ ಕೈಯಲ್ಲೇ ವಿಷದ ಡಬ್ಬಿ

ಶ್ರಾವಣದ ಪಂಚಮಿ ಬಂತೆಂದರೆ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಊರೂರಿಗೆ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ಬೇವಿನ ಕೊಂಬೆಗೆ ಜೋಕಾಲಿ ಬೀಳುತ್ತದೆ. ಮನೆಮನೆಯಲ್ಲಿ ಎಳ್ಳುಂಡಿ, ಶೇಂಗಾದುಂಡಿ, ಅಳ್ಳು ಸಿದ್ಧವಾಗುತ್ತವೆ. ಊರ ಹೊರಗಿನ ಹುತ್ತಕ್ಕೆ ಅರಿಸಿನ ಕುಂಕುಮ ಏರುತ್ತದೆ, ಅದರ ಬಾಯಿಗೆ ಹಾಲು ಇಳಿಯುತ್ತದೆ. ಆ ದಿನ ನೆಲ ಅಗೆಯಬಾರದು, ನೇಗಿಲು ಹೂಡಬಾರದು ಎಂಬ ಕಟ್ಟಳೆಯನ್ನು ಇಂದಿಗೂ ಪಾಲಿಸುವ ಮನೆತನಗಳಿವೆ. ಆ ಒಂದು ದಿನ ಹುತ್ತವೆಂದರೆ ದೇವರು.

ಹಬ್ಬ ಮುಗಿದು ಎರಡು ತಿಂಗಳು ಕಳೆಯುವಷ್ಟರಲ್ಲಿ ಹಿಂಗಾರಿ ಬಿತ್ತನೆಯ ಹದ ಬರುತ್ತದೆ. ಆಗ ಹೊಲದ ಬದುವಿನಲ್ಲಿ ನಿಂತ ಅದೇ ಬಗೆಯ ಹುತ್ತಕ್ಕೆ ಗುದ್ದಲಿ ಬೀಳುತ್ತದೆ. ತಲೆ ಒಡೆದು, ಹಾರೆಯಿಂದ ತೂತು ಮಾಡಿ, ಕೊಡಗಟ್ಟಲೆ ನೀರಿನಲ್ಲಿ ಕಲಸಿದ ಕೀಟನಾಶಕವನ್ನು ಒಳಗೆ ಸುರಿಯಲಾಗುತ್ತದೆ. ಅನುಕೂಲಸ್ಥರಾದರೆ ಜೆಸಿಬಿ ಕರೆಸಿ ಬುಡಸಮೇತ ಕಿತ್ತು ನೆಲಸಮ ಮಾಡಿಸುತ್ತಾರೆ. ಹಾಲೆರೆದ ಕೈಯೇ ವಿಷದ ಡಬ್ಬಿಯನ್ನೂ ಹಿಡಿಯುತ್ತದೆ.

ಕಲ್ಲಿನ ನಾಗರಕ್ಕೆ ಹಾಲು, ನಿಜವಾದ ನಾಗರಕ್ಕೆ ದೊಣ್ಣೆ ಎಂಬ ಈ ಇಬ್ಬಂದಿತನವನ್ನು ಎಂಟುನೂರು ವರ್ಷಗಳ ಹಿಂದೆಯೇ ವಚನದಲ್ಲಿ ಬಯಲಿಗೆಳೆದವರು ಬಸವಣ್ಣನವರು. ಅವರು ಹುಟ್ಟಿದ ನೆಲವೆಂದು ನಾಡು ಕೈಮುಗಿಯುವ ಬಾಗೇವಾಡಿಯ ಸುತ್ತಲಲ್ಲಿಯೇ ಅದು ಇಂದು ಇನ್ನೊಂದು ರೂಪದಲ್ಲಿ ನಡೆದಿದೆ ಎಂಬುದು ಸಣ್ಣ ವಿಪರ್ಯಾಸವಲ್ಲ. ಪೂಜೆಯನ್ನು ಮೂಢನಂಬಿಕೆ ಎಂದು ಹಳಿಯುವುದು ಈ ಬರಹದ ಉದ್ದೇಶವಲ್ಲ. ಪೂಜಿಸುವವರೂ ಹಳಿಯುವವರೂ ಹುತ್ತವೆಂದರೇನು, ಅದನ್ನು ಕಟ್ಟುವವರು ಯಾರು, ಅದು ನೆಲಕ್ಕೆ ಏನು ಮಾಡುತ್ತದೆ ಎಂಬುದನ್ನು ಕೇಳದೆ ಹೋದುದೇ ಇಲ್ಲಿನ ದೂರು.

ಮಲೆನಾಡಿಗೇಕೆ ಬಯಲುಸೀಮೆಯ ಹುತ್ತ?

ಗುಡ್ಡಬೆಟ್ಟಗಳ ನಡುವಿನ ಓದುಗರು, ಕೃಷ್ಣಾ ಭೀಮಾ ತೀರದ ಎರೆ ಹೊಲದ ಹುತ್ತದಿಂದ ನಮಗೇನಾಗಬೇಕು ಎಂದು ಕೇಳಬಹುದು. ಆ ಎರಡೂ ನದಿಗಳು ಹುಟ್ಟುವುದು ಸಹ್ಯಾದ್ರಿಯಲ್ಲಿಯೇ: ಕೃಷ್ಣೆ ಮಹಾಬಲೇಶ್ವರದಲ್ಲಿ, ಭೀಮೆ ಭೀಮಾಶಂಕರದಲ್ಲಿ. ಅದಕ್ಕಿಂತ ಹತ್ತಿರದ ಉತ್ತರವೂ ಉಂಟು. ಅಡಿಕೆ ತೋಟದ ಮೇಲಿನ ಬೆಟ್ಟದಲ್ಲಿ ಹುತ್ತ ಕಟ್ಟುವ ಗೆದ್ದಲಿಗೂ ಬಯಲುಸೀಮೆಯವರು ಒರಲೆ ಎಂದು ಕರೆಯುವ ಹುಳಕ್ಕೂ ಭೇದವಿಲ್ಲ. ಶುಂಠಿಗೆಂದು ಗುತ್ತಿಗೆಗೆ ಹೋದ ಗದ್ದೆಯಲ್ಲಿ ಹುತ್ತವನ್ನು ತಳ್ಳುವ ಯಂತ್ರವೂ, ಅಂಗಡಿಯಲ್ಲಿ ಸಿಗುವ ವಿಷವೂ ಎರಡೂ ಕಡೆ ಒಂದೇ. ಕಾಡಿನ ನೆರಳೂ ಎಲೆಗೊಬ್ಬರವೂ ಇರುವ ಮಲೆನಾಡಿನಲ್ಲಿ ಹುತ್ತ ಅಳಿದರೆ ನಷ್ಟ ಬೇಗನೆ ಕಾಣಿಸದು. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸಿನ ಮಳೆಯನ್ನು ನಂಬಿ ಬದುಕುವ, ಕಾಡೆಂಬುದೇ ಇಲ್ಲದ ಸಿಂದಗಿ ಇಂಡಿಗಳಲ್ಲಿ ಆ ನಷ್ಟ ಬರಿಗಣ್ಣಿಗೆ ಕಾಣುತ್ತದೆ. ಬಯಲಿನಲ್ಲಿ ಇಂದು ಕಂಡದ್ದು ಬೆಟ್ಟದಲ್ಲಿ ನಾಳೆ ಕಾಣುವಂಥದು.

ಕಟ್ಟುವವರು ಯಾರು?

ಹುತ್ತವನ್ನು ಹಾವು ಕಟ್ಟುವುದಿಲ್ಲ, ಇರುವೆಯೂ ಕಟ್ಟುವುದಿಲ್ಲ. ಗೆದ್ದಲು ಇರುವೆಯ ಕುಲದ್ದೇ ಅಲ್ಲ, ಜಿರಲೆಯ ಹತ್ತಿರದ ಸಂಬಂಧಿ. ಜಗತ್ತಿನಲ್ಲಿ ಸುಮಾರು 3,000 ಬಗೆಯ ಗೆದ್ದಲುಗಳಿವೆ. ಬೆಳೆಗೂ ಮರಮುಟ್ಟಿಗೂ ಗಣನೀಯ ಹಾನಿ ಮಾಡುವಂಥವು ಅವುಗಳಲ್ಲಿ ಅಲ್ಪ ಪಾಲು ಮಾತ್ರ. ಎಲ್ಲ ಗೆದ್ದಲೂ ಹುತ್ತವನ್ನು ಏರಿಸುವುದಿಲ್ಲ. ಹೊಲದಲ್ಲಿ ಬೇರು ಕಡಿಯುವ ಕೆಲವು ಜಾತಿಗಳು ನೆಲದೊಳಗೇ ಗೂಡು ಮಾಡಿಕೊಂಡು ಮೇಲೆ ಯಾವ ಗುರುತನ್ನೂ ತೋರಿಸದೆ ಬದುಕುತ್ತವೆ. ಕರ್ನಾಟಕದ ಬಯಲಿನಲ್ಲಿ ಗೋಪುರದಂತೆ ಮಡಿಕೆ ಮಡಿಕೆಯಾಗಿ ಎದ್ದು ನಿಲ್ಲುವ ಹುತ್ತಗಳ ಮುಖ್ಯ ಶಿಲ್ಪಿ ಓಡೊಂಟೊಟರ್ಮಿಸ್ ಒಬೇಸಸ್ ಎಂಬ ಜಾತಿ.

ಮೊದಲ ಮಳೆ ಬಿದ್ದ ಸಂಜೆ ದೀಪಕ್ಕೆ ಮುತ್ತುವ ರೆಕ್ಕೆಯ ಮಳೆಹುಳುಗಳು ಈ ವಂಶದ ಮದುವಣಿಗರು. ಅವುಗಳಲ್ಲಿ ಹೆಚ್ಚಿನವು ಕಾಜಾಣ, ಗೊರವಂಕ, ಕಪ್ಪೆ, ಹಲ್ಲಿಗಳ ಹೊಟ್ಟೆ ಸೇರುತ್ತವೆ. ಉಳಿದ ಜೋಡಿ ರೆಕ್ಕೆ ಕಳಚಿ, ನೆನೆದ ನೆಲದಲ್ಲಿ ಸಣ್ಣ ಕೋಣೆ ತೋಡಿ ಸಂಸಾರ ಹೂಡುತ್ತದೆ. ಮೊದಮೊದಲು ಎಲ್ಲವೂ ನೆಲದೊಳಗೆ. ಮೇಲೆ ಹುತ್ತ ತಲೆಯೆತ್ತುವುದು ಒಳಗಿನ ಸಂಸಾರ ದೊಡ್ಡದಾದ ಮೇಲೆಯೇ. ರಾಣಿ ದಿನವೊಂದಕ್ಕೆ ಸಾವಿರಾರು ಮೊಟ್ಟೆಗಳನ್ನಿಡಬಲ್ಲಳು. ಆದರೆ ಅವಳು ಅಪ್ಪಣೆ ಕೊಡುವ ಒಡತಿಯಲ್ಲ. ಹುತ್ತದಲ್ಲಿ ಮೇಸ್ತ್ರಿ ಇಲ್ಲ, ನಕ್ಷೆ ಇಲ್ಲ, ಗುತ್ತಿಗೆದಾರನೂ ಇಲ್ಲ. ಅಕ್ಕಿಕಾಳಿಗಿಂತ ಚಿಕ್ಕದಾದ ಕುರುಡು ಕೆಲಸಗಾರ ಹುಳು ತೇವದ ಮಣ್ಣನ್ನು ಬಾಯಲ್ಲಿ ಉಂಡೆ ಮಾಡಿ, ಜೊಲ್ಲು ಬೆರೆಸಿ, ಒಂದು ಕಡೆ ಒತ್ತುತ್ತದೆ. ಆ ಹಸಿ ಉಂಡೆಯೇ ಮುಂದಿನ ಹುಳುವಿಗೆ ಸೂಚನೆ, ಅದು ತನ್ನ ಉಂಡೆಯನ್ನು ಅದರ ಪಕ್ಕಕ್ಕೆ ಒತ್ತುತ್ತದೆ. ಹೀಗೆ ಲಕ್ಷಾಂತರ ಉಂಡೆಗಳು ಸೇರಿ ಆಳೆತ್ತರದ ಗೋಪುರವಾಗುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜೀವವಿಜ್ಞಾನಿ ರೆನೀ ಬೋರ್ಜೆಸ್ ಮತ್ತು ಸಿವಿಲ್ ಎಂಜಿನಿಯರಿಂಗ್ ವಿಭಾಗದ ತೇಜಸ್ ಮೂರ್ತಿ ಅವರ ತಂಡ ಈ ಕುಶಲತೆಯನ್ನು ವರ್ಷಗಳ ಕಾಲ ಅಳೆದಿದೆ. ಗೆದ್ದಲು ಬೆರೆಸುವ ಅಂಟಿನಿಂದ ಮಣ್ಣಿನ ಗಟ್ಟಿತನ ಸುಮಾರು ಹತ್ತು ಪಟ್ಟು ಹೆಚ್ಚುತ್ತದೆ ಎಂಬುದು 2016ರಲ್ಲಿ ಪ್ರಕಟವಾದ ಫಲಿತಾಂಶ. ಹುಳುಗಳು ಉಂಡೆ ಕಟ್ಟುವಾಗ ಮಣ್ಣಿನ ತೇವದ ಹದವನ್ನು ಹೇಗೆ ನೋಡಿಕೊಳ್ಳುತ್ತವೆ ಎಂಬುದನ್ನು 2017ರ ಅಧ್ಯಯನ ವಿವರಿಸಿತು. ಇಟ್ಟಿಗೆ ಕೊಯ್ಯುವ ಕುಶಲಿ ಕೈಯಲ್ಲಿ ಮಣ್ಣು ಹಿಚುಕಿ ಹದ ನೋಡುವ ಹಾಗೆಯೇ ಇದು. 2020ರ ಅಧ್ಯಯನವು ಹುತ್ತಕ್ಕೆ ಎರಡು ಪದರಗಳಿವೆ ಎಂದು ತೋರಿಸಿತು. ಒಳಗಿನದು ಒತ್ತಾದ ಗಟ್ಟಿ ತಿರುಳು, ಗೋಪುರದ ಭಾರವನ್ನು ಹೊರುತ್ತದೆ. ಹೊರಗಿನದು ಸೂಕ್ಷ್ಮ ರಂಧ್ರಗಳ ಪದರ, ಉಸಿರಾಟಕ್ಕೆ ದಾರಿಯಾಗುತ್ತದೆ.

ಉಸಿರಾಡುವ ಗೋಪುರ

ಹುತ್ತ ಉಸಿರಾಡುತ್ತದೆಂದರೆ ಅಲಂಕಾರದ ಮಾತಲ್ಲ. ಅದರ ಹೊಟ್ಟೆಯಲ್ಲಿ ಲಕ್ಷಗಟ್ಟಲೆ ಹುಳುಗಳು, ಅವುಗಳ ಜೊತೆಗೆ ಒಂದು ಬೆಳೆ. ಗೆದ್ದಲು ಒಣ ಎಲೆ, ಕಡ್ಡಿ, ಒಣಗಿದ ಸೆಗಣಿಯನ್ನು ತಿಂದು ತಂದು, ಅದರಿಂದ ಜೇನುತಟ್ಟೆಯಂತಹ ಮೆತ್ತನೆಯ ದಿಂಡುಗಳನ್ನು ಕಟ್ಟಿ, ಅವುಗಳ ಮೇಲೆ ಟರ್ಮಿಟೊಮೈಸಿಸ್ ಎಂಬ ಶಿಲೀಂಧ್ರವನ್ನು ಬೆಳೆಸುತ್ತದೆ. ಮರದ ನಾರಿನ ಗಡಸು ಅಂಶವನ್ನು ಆ ಶಿಲೀಂಧ್ರ ಕರಗಿಸುತ್ತದೆ, ಕರಗಿದ್ದನ್ನು ಗೆದ್ದಲು ತಿನ್ನುತ್ತದೆ. ಮಲೆನಾಡಿನ ಹೆಂಗಸರು ಮಳೆಗಾಲದಲ್ಲಿ ಹುಡುಕಿ ತರುವ ಹುತ್ತದ ಅಣಬೆ ಈ ಬೆಳೆಯ ಹೂವು. ಮನುಷ್ಯ ನೇಗಿಲು ಹಿಡಿಯುವುದಕ್ಕೆ ಕೋಟ್ಯಂತರ ವರ್ಷಗಳ ಮೊದಲೇ ಬೇಸಾಯಕ್ಕಿಳಿದ ಒಕ್ಕಲು ಇದು.

ಇಷ್ಟು ಜೀವಗಳು ಬಿಡುವ ಇಂಗಾಲದ ಡೈಆಕ್ಸೈಡ್ ಹೊರಹೋಗಬೇಕು, ಒಳಗಿನ ತೇವವೂ ಉಷ್ಣತೆಯೂ ಕೆಡಬಾರದು. ಇದು ಹೇಗೆ ಸಾಧ್ಯವೆಂಬ ಒಗಟಿಗೆ 2015ರಲ್ಲಿ ಉತ್ತರ ಸಿಕ್ಕಿದ್ದು ಬೆಂಗಳೂರಿನ ಹುತ್ತಗಳಲ್ಲಿಯೇ. ಹಂಟರ್ ಕಿಂಗ್, ಸ್ಯಾಮ್ಯುಯೆಲ್ ಓಕೊ ಮತ್ತು ಎಲ್. ಮಹಾದೇವನ್ ಅವರು ಹುತ್ತದೊಳಗಿನ ಗಾಳಿಯ ಚಲನೆಯನ್ನು ಅಳೆದರು. ಹಗಲು ಬಿಸಿಲಿಗೆ ಹೊರಮೈಯ ತೆಳುವಾದ ಮಡಿಕೆಗಳು ಬೇಗ ಕಾಯುತ್ತವೆ. ಅಲ್ಲಿಯ ಗಾಳಿ ಮೇಲೇರಿ ನಡುವಿನ ಗಾಳಿ ಕೆಳಗಿಳಿಯುತ್ತದೆ. ರಾತ್ರಿ ಮಡಿಕೆಗಳು ಬೇಗ ತಣಿಯುತ್ತವೆ. ಗಾಳಿಯ ಸುತ್ತು ತಿರುವುಮುರುವಾಗಿ, ಹಗಲೆಲ್ಲ ಕೂಡಿದ ಕೆಟ್ಟ ಗಾಳಿ ಹೊರಬೀಳುತ್ತದೆ. ಹಗಲು ರಾತ್ರಿಗಳ ಬಿಸಿಲು ತಂಪನ್ನೇ ಶಕ್ತಿಯಾಗಿ ಬಳಸುವ ಈ ಶ್ವಾಸಕೋಶಕ್ಕೆ ವಿದ್ಯುತ್ತೂ ಬೇಡ, ಯಂತ್ರವೂ ಬೇಡ. ಬೇಸಿಗೆಯಲ್ಲಿ ಕಾದು ಕೆಂಡವಾಗುವ ವಿಜಯಪುರ ಜಿಲ್ಲೆಯಲ್ಲಿ ಕಾಂಕ್ರೀಟಿನ ಸರಕಾರಿ ಕಟ್ಟಡಗಳು ಏರ್ ಕಂಡಿಷನರ್ ಇಲ್ಲದೆ ಕುದಿಯುತ್ತಿರುವಾಗ, ಕಟ್ಟಡದ ಹಿತ್ತಲಲ್ಲಿ ನಿಂತ ಹುತ್ತವನ್ನು ಕಿತ್ತೆಸೆಯುವುದು ನಾಗರಿಕತೆಯ ಲಕ್ಷಣವೆನಿಸಿದೆ!

ಒಣನೆಲದ ನೀರುಗಂಟಿ

ಹುತ್ತದ ಮೇಲಿನ ಭಾಗ ಕೇವಲ ಗೋಪುರ. ಅದರ ನಿಜವಾದ ವಿಸ್ತಾರ ನೆಲದೊಳಗಿದೆ. ಮೇವಿಗಾಗಿ ಸುತ್ತಲೂ ಹರಡುವ ಸುರಂಗಗಳು, ತೇವಕ್ಕಾಗಿ ಆಳಕ್ಕಿಳಿಯುವ ಸುರಂಗಗಳು. ಈ ಸುರಂಗಗಳ ಮೂಲಕ ಮಳೆಯ ನೀರು ಕೆಳಗಿಳಿಯುತ್ತದೆ. ಆಳದ ಜಿಗುಟು ಮಣ್ಣು ಗೆದ್ದಲಿನ ಬಾಯಲ್ಲಿ ಮೇಲೆ ಬರುತ್ತದೆ, ಮೇಲಿನ ಕಸಕಡ್ಡಿ ಕೆಳಗೆ ಹೋಗಿ ಗೊಬ್ಬರವಾಗುತ್ತದೆ. ಎರೆಹುಳು ಬದುಕಲಾರದ ಒಣನೆಲದಲ್ಲಿ ಎರೆಹುಳುವಿನ ಕೆಲಸವನ್ನು ಮಾಡುವುದು ಗೆದ್ದಲು. ಹುತ್ತವನ್ನೂ ಅಂತರ್ಜಲವನ್ನೂ ಒಟ್ಟಿಗೆ ನೋಡುವ ಕಣ್ಣು ಈ ದೇಶಕ್ಕೆ ಹೊಸದಲ್ಲ. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ನೀರಿನ ಸೆಲೆ ಹುಡುಕುವ ಅಧ್ಯಾಯವೇ ಒಂದಿದ್ದು, ಮರಗಳ ಬಳಿಯ ಹುತ್ತವನ್ನು ಅಲ್ಲಿ ಪದೇ ಪದೇ ಕುರುಹಾಗಿ ಹೇಳಲಾಗಿದೆ. ಅದರ ಪ್ರತಿಯೊಂದು ಸೂತ್ರವನ್ನೂ ನಂಬಬೇಕಾಗಿಲ್ಲ. ನೀರು ಹುಡುಕುವವನು ಮೊದಲು ಹುತ್ತವನ್ನು ನೋಡಿದನೆಂಬ ವಿವೇಕವನ್ನಾದರೂ ಗಮನಿಸಬೇಕು.

ನಂಬಿಕೆಯ ಮಾತು ಬೇಡವೆನ್ನುವವರಿಗೆ ಲೆಕ್ಕದ ಮಾತೂ ಇದೆ. ಪಶ್ಚಿಮ ಆಸ್ಟ್ರೇಲಿಯದ ಮಳೆಯಾಶ್ರಿತ ಗೋಧಿಯ ಹೊಲಗಳಲ್ಲಿ ನಡೆದ ಒಂದು ಪ್ರಯೋಗದ ಫಲ 2011ರಲ್ಲಿ ಪ್ರಕಟವಾಯಿತು. ಕೀಟನಾಶಕ ಹಾಕಿ ಇರುವೆ ಗೆದ್ದಲುಗಳನ್ನು ತೆಗೆದುಹಾಕಿದ ತಾಕುಗಳಿಗಿಂತ, ಅವುಗಳನ್ನು ಹಾಗೆಯೇ ಬಿಟ್ಟ ತಾಕುಗಳಲ್ಲಿ ಗೋಧಿಯ ಇಳುವರಿ ಶೇಕಡಾ 36ರಷ್ಟು ಹೆಚ್ಚು ಬಂದಿತ್ತು. ನೀರು ಹೆಚ್ಚು ಇಂಗಿದ್ದು, ಮಣ್ಣಿನಲ್ಲಿ ಸಾರಜನಕ ಹೆಚ್ಚಿದ್ದು ಅದಕ್ಕೆ ಕಾರಣ. ಆಫ್ರಿಕದ ಬುರ್ಕಿನಾ ಫಾಸೊದಲ್ಲಿ ಯಾಕೂಬಾ ಸವಡೋಗೊ ಎಂಬ ರೈತ 1980ರ ಸುಮಾರಿಗೆ ಬರಡಾಗಿ ಬಿರುಸಾದ ನೆಲದಲ್ಲಿ ಸಾಲುಸಾಲು ಗುಣಿ ತೋಡಿ, ಬೇಸಿಗೆಯಲ್ಲಿಯೇ ಗೊಬ್ಬರ ಕಸಕಡ್ಡಿ ತುಂಬಿ, ಗೆದ್ದಲನ್ನು ಬೇಕೆಂದೇ ಕರೆಸಿಕೊಂಡರು. ಗೆದ್ದಲು ಕೊರೆದ ದಾರಿಯಲ್ಲಿ ಮೊದಲ ಮಳೆ ಇಂಗಿತು. ಜೋಳ ಸಜ್ಜೆ ಬೆಳೆಯಿತು, ಕ್ರಮೇಣ ಕಾಡೇ ಬೆಳೆಯಿತು. 2018ರಲ್ಲಿ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ಆಸ್ಟ್ರೇಲಿಯದ ಮಣ್ಣೇ ಬೇರೆ, ಡೋಣಿ ಕೊಳ್ಳದ ಎರೆಮಣ್ಣೇ ಬೇರೆ ಎಂಬುದು ನಿಜ. ಅಂತಹ ಪ್ರಯೋಗವನ್ನು ಡೋಣಿ ಕೊಳ್ಳದಲ್ಲಿಯೂ ಮಾಡಿ ನೋಡಲು ಅಡ್ಡಿಯೇನು ಎಂಬುದೇ ಪ್ರಶ್ನೆ. ವಿಷ ಸುರಿಯುವುದಕ್ಕೆ ಕೈಪಿಡಿಗಳಿವೆ, ಸುರಿಯದೆ ಬಿಟ್ಟರೆ ಏನಾಗುತ್ತದೆಂದು ರೈತನಿಗೆ ತೋರಿಸಿಕೊಡುವ ತಾಕುಗಳು ಎಲ್ಲಿವೆ?

ನಿಜವಾದ ಅಪರಾಧಿ

ರೈತನ ದೂರನ್ನು ಹಗುರವಾಗಿ ಕಾಣುವಂತಿಲ್ಲ. ಸಾಲ ಮಾಡಿ ಹಚ್ಚಿದ ಇಂಡಿಯ ನಿಂಬೆ ಸಸಿ, ದಾಳಿಂಬೆ ಸಸಿ ಬುಡದಲ್ಲಿ ಒಣಗಿದಾಗ, ಹೊಸದಾಗಿ ನೆಟ್ಟ ಕಬ್ಬಿನ ತುಂಡು ಮೊಳೆಯದೆ ಟೊಳ್ಳಾದಾಗ, ಶೇಂಗಾದ ಸಿಪ್ಪೆ ಕೆರೆದು ಹೋದಾಗ ಆ ಮನೆಗೆ ಬೀಳುವ ಪೆಟ್ಟು ನಿಜವಾದುದು. ಮನೆಯ ತೊಲೆ, ಬಾಗಿಲ ಚೌಕಟ್ಟು ತಿಂದ ಗೆದ್ದಲನ್ನು ಪೂಜಿಸಿರೆಂದು ಯಾರೂ ಹೇಳಲಾರರು. ಹುತ್ತದಲ್ಲಿ ಹಾವಿರುತ್ತದೆ, ಹಾವು ಕಚ್ಚಿ ಸಾಯುವವರು ರೈತರೇ ಎಂಬ ಭಯವೂ ಸುಳ್ಳಲ್ಲ.

ಆದರೆ ಗೆದ್ದಲಿನ ಸಹಜವಾದ ಊಟ ಯಾವುದು? ಸತ್ತದ್ದು, ಒಣಗಿದ್ದು. ಅದು ಹಸಿ ಬೇರಿಗೆ ಬಾಯಿ ಹಾಕುವುದು ಹೆಚ್ಚಾಗಿ ಒಣ ಆಹಾರ ಸಿಗದಿದ್ದಾಗ, ಅಥವಾ ನೀರಿಲ್ಲದೆ ಗಿಡ ಸೊರಗಿದಾಗ. ಹೊಲದಲ್ಲಿ ಒಣ ಆಹಾರವನ್ನು ಉಳಿಸಿದವರಾರು? ಜೋಳದ ಕಣಿಕೆ ದನದ ಪಾಲಾಗುತ್ತದೆ. ಅದು ನ್ಯಾಯ. ಹಿಂದೆ ಅದು ಸೆಗಣಿಯಾಗಿ, ತಿಪ್ಪೆಗೊಬ್ಬರವಾಗಿ ಹೊಲಕ್ಕೆ ಮರಳುತ್ತಿತ್ತು. ಟ್ರ್ಯಾಕ್ಟರ್ ಬಂದು ಎತ್ತು ಹೋದ ಮನೆಯಲ್ಲಿ ತಿಪ್ಪೆಯೂ ಹೋಯಿತು. ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ ಒಲೆಗೆ ಹೋಗುತ್ತವೆ. ಕಾಲುವೆ ನೀರಿನ ಜೊತೆಗೆ ಹಬ್ಬಿದ ಕಬ್ಬಿನ ಹೊಲದಲ್ಲಿ ರವದಿಗೆ ಬೆಂಕಿ ಬೀಳುತ್ತದೆ. ಬದುವಿನ ಬೇವು ಜಾಲಿಗಳನ್ನು ಕಡಿದ ಮೇಲೆ ಉದುರುವ ಎಲೆಯೂ ಇಲ್ಲ. ಕಣ್ಣಿಗೆ ಕಾಣುವಷ್ಟು ದೂರ ಸತ್ತ ಕಡ್ಡಿಯೊಂದನ್ನೂ ಉಳಿಸದೆ, ಬೆಳೆಯೊಂದನ್ನೇ ನಿಲ್ಲಿಸಿ, ಗೆದ್ದಲು ಬೆಳೆಯನ್ನು ತಿಂದಿತೆಂದು ಗೆದ್ದಲಿಗೆ ಶಿಕ್ಷೆ ವಿಧಿಸಲಾಗುತ್ತಿದೆ. ಬಡವನ ಗಂಜಿಯನ್ನು ಕಸಿದುಕೊಂಡು ಅವನನ್ನು ಕಳ್ಳನೆಂದು ಕಟ್ಟಿಹಾಕುವ ನ್ಯಾಯವಿದು.

ಇನ್ನೊಂದು ಸಂಗತಿ. ಬದುವಿನ ಮೇಲೆ ಎದ್ದು ಕಾಣುವ ಹುತ್ತವೇ ಬೆಳೆಯ ವೈರಿ ಎಂಬ ತೀರ್ಮಾನ ಎಲ್ಲ ಕಡೆಯೂ ಸತ್ಯವಲ್ಲ. ನೆಲದೊಳಗೇ ಗೂಡು ಮಾಡುವ ಜಾತಿಗಳು ಬೇರು ಕಡಿದರೂ ದಂಡನೆ ಕಣ್ಣಿಗೆ ಕಾಣುವ ಹುತ್ತಕ್ಕೇ ಆಗುತ್ತದೆ. ಹಾವಿನ ಮಾತೂ ಹಾಗೆಯೇ. ಹಾವು ಬರುವುದು ಇಲಿಯ ಬೆನ್ನಟ್ಟಿ. ಹುತ್ತ ಒಡೆದರೆ ಅದು ಸಾಯುವುದಿಲ್ಲ, ಬಣವೆಗೋ ಮನೆಯ ಸಂದಿಗೋ ಜಾಗ ಬದಲಿಸುತ್ತದೆ. ಹಳೆಯ ಹುತ್ತದಲ್ಲಿ ನೆಲೆಸುವ ಉಡವೂ, ಗೆದ್ದಲು ತಿಂದೇ ಬದುಕುವ ಚಿಪ್ಪುಹಂದಿಯೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಅವುಗಳ ಮನೆಗೂ ಊಟಕ್ಕೂ ಮಾತ್ರ ಯಾವ ರಕ್ಷಣೆಯೂ ಇಲ್ಲ.

ವಿಷದ ವಂಶಾವಳಿ

ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಕೀಟನಾಶಕಕ್ಕೆ ‘ಎಣ್ಣಿ’ ಎನ್ನುತ್ತಾರೆ. ಮಲೆನಾಡಿನಲ್ಲಿ ‘ಔಷಧ’. ಕೊಲ್ಲುವುದಕ್ಕೆ ಔಷಧವೆಂಬ ಹೆಸರಿಟ್ಟ ದಿನವೇ ಅರ್ಧ ಮೋಸ ನಡೆದುಹೋಯಿತು. ಗೆದ್ದಲಿಗೆಂದು ಮೊದಲು ಬಂದದ್ದು ಬಿ.ಎಚ್.ಸಿ. ಪುಡಿ. ನಮ್ಮ ಅಜ್ಜಂದಿರ ಕಾಲದಲ್ಲಿ ಅದನ್ನು ಬರಿಗೈಯಲ್ಲಿ ಎರಚುತ್ತಿದ್ದರು. 1997ರಲ್ಲಿ ಅದನ್ನು ದೇಶದಲ್ಲಿ ನಿಷೇಧಿಸಲಾಯಿತು. ಆಲ್ಡ್ರಿನ್, ಕ್ಲೋರ್ಡೇನ್, ಹೆಪ್ಟಾಕ್ಲೋರ್‌ಗಳು ಬಂದವು. 1996ರಲ್ಲಿ ಅವೂ ನಿಷೇಧಕ್ಕೊಳಗಾದವು. ಫೋರೇಟ್ ಹರಳನ್ನು ದಶಕಗಳ ಕಾಲ ಹೊಲಕ್ಕೆ ಚೆಲ್ಲಿಸಿ, 2020ರ ಕೊನೆಗೆ ನಿಲ್ಲಿಸಲಾಯಿತು. ಗೆದ್ದಲಿನ ಹೆಸರಿನಲ್ಲಿ ಅತಿ ಹೆಚ್ಚು ಬಳಕೆಯಾಗುತ್ತ ಬಂದ ಕ್ಲೋರ್‌ಪೈರಿಫಾಸ್ ನರಮಂಡಲದ ಮೇಲೆ, ಅದರಲ್ಲೂ ಬೆಳೆಯುವ ಮಕ್ಕಳ ಮಿದುಳಿನ ಮೇಲೆ ಪರಿಣಾಮ ಬೀರುತ್ತದೆಂಬ ಕಾರಣಕ್ಕೆ ಯುರೋಪಿನ ಒಕ್ಕೂಟ 2020ರಲ್ಲಿ ಅದರ ಅನುಮತಿಯನ್ನು ನವೀಕರಿಸಲಿಲ್ಲ. 2025ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಕೆಲವು ವಿನಾಯಿತಿಗಳೊಂದಿಗೆ ಅದನ್ನು ನಿರ್ಮೂಲನೆಯ ಪಟ್ಟಿಗೆ ಸೇರಿಸಿದವು.

ಈ ಪಟ್ಟಿಯನ್ನು ಓದಿದವರಿಗೆ ಒಂದು ಪಾಠ ಸ್ಪಷ್ಟವಾಗಬೇಕು. ಪ್ರತಿಯೊಂದು ವಿಷವೂ ತನ್ನ ಕಾಲದಲ್ಲಿ ಸುರಕ್ಷಿತವೆಂಬ ಶಿಫಾರಸು ಪಡೆದೇ ಬಂದಿತ್ತು. ಪ್ರತಿಯೊಂದೂ ನಿಷೇಧವಾದದ್ದು ನೆಲ, ನೀರು, ಮೈಗಳಲ್ಲಿ ಇಳಿದ ಮೇಲೆ. ಗೆದ್ದಲು ಮಾತ್ರ ಇದ್ದಲ್ಲೇ ಇದೆ.

ಒಂದು ಹುಳುವಿನ ಮೇಲಿನ ಯುದ್ಧ ಎಲ್ಲಿಗೆ ಮುಟ್ಟೀತೆಂಬುದಕ್ಕೆ ಕನ್ನಡಿಗರು ದೂರ ಹೋಗಬೇಕಾಗಿಲ್ಲ. ಕಾಸರಗೋಡಿನ ಪಡ್ರೆಯಂತಹ ಹಳ್ಳಿಗಳ ಗೇರು ತೋಟಗಳಲ್ಲಿ ಟೀ ಸೊಳ್ಳೆ ಎಂಬ ತಿಗಣೆಯನ್ನು ಕೊಲ್ಲಲು 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆಗಳಲ್ಲಿಯೂ ಅದೇ ನಡೆಯಿತು. ತಿಗಣೆ ಇಂದಿಗೂ ಇದೆ. ಹಾಸಿಗೆ ಬಿಟ್ಟೇಳದ ಮಕ್ಕಳೂ ಅವರನ್ನು ಕಾದು ಕುಳಿತ ತಾಯಂದಿರೂ ಆ ಯುದ್ಧದ ಲೆಕ್ಕದಲ್ಲಿ ಉಳಿದರು. ಸುಪ್ರೀಂ ಕೋರ್ಟು ದೇಶಾದ್ಯಂತ ತಡೆ ವಿಧಿಸಿದ್ದು 2011ರ ಮೇ 13ರಂದು. ಅಷ್ಟರಲ್ಲಿ ಒಂದು ತಲೆಮಾರು ಬೆಲೆ ತೆತ್ತಾಗಿತ್ತು. ಹೆಲಿಕಾಪ್ಟರಿನಿಂದ ಸುರಿದ ವಿಷ ಎಲ್ಲರಿಗೂ ಕಂಡಿತು. ಹುತ್ತದ ಬಾಯಿಗೆ ಸುರಿದ ವಿಷ ಯಾರಿಗೂ ಕಾಣದು. ನೀರನ್ನು ಆಳಕ್ಕೆ ಇಳಿಸುವ ಸುರಂಗಗಳ ಬಾಯಿಗೇ ಅದನ್ನು ಸುರಿಯಲಾಗುತ್ತಿದೆ ಎಂಬುದನ್ನು ಮರೆಯಬಾರದು.

ಕಾಲುವೆಯ ಹಿಂದೆ ಬಂದ ಯಂತ್ರ

1964ರಲ್ಲಿ ಆಲಮಟ್ಟಿಯಲ್ಲಿ ಅಡಿಗಲ್ಲು ಬಿದ್ದ ಕೃಷ್ಣಾ ಮೇಲ್ದಂಡೆ ಯೋಜನೆಯ ನೀರು ದಶಕಗಳ ಬಳಿಕ ಇಂಡಿ ಶಾಖಾ ಕಾಲುವೆ, ಗುತ್ತಿ ಬಸವಣ್ಣ, ಮುಳವಾಡ, ಚಿಮ್ಮಲಗಿ ಏತ ನೀರಾವರಿಗಳ ಮೂಲಕ ಈ ಸೀಮೆಯ ಹೊಲಗಳತ್ತ ಹರಿಯತೊಡಗಿತು. ಬರದಿಂದ ಬೆಂದವರಿಗೆ ನೀರು ಬೇಕು. ಅದನ್ನು ಬೇಡವೆನ್ನುವ ಹಕ್ಕು ಮಳೆನಾಡಿನವರಿಗಂತೂ ಇಲ್ಲ. ಆದರೆ ನೀರಿನ ಜೊತೆಗೆ ಸಮತಟ್ಟು ಮಾಡುವ ಹುಚ್ಚೂ ಬಂತು. ಏರು ತಗ್ಗು, ಬದು, ಗಿಡ, ಹುತ್ತ, ಎಲ್ಲವೂ ಒಂದೇ ಮಟ್ಟಕ್ಕೆ ಬರಬೇಕೆಂಬ ಹಟ. ಹತ್ತಾರು ವರ್ಷಗಳಲ್ಲಿ ಕಟ್ಟಿದ ಹುತ್ತ ಯಂತ್ರದ ಒಂದು ಮೊಗೆತಕ್ಕೆ ಮುಗಿಯುತ್ತದೆ. ನೀರನ್ನು ಹಾಯಿಸುವುದಷ್ಟೇ ನೀರಾವರಿಯಲ್ಲ, ನೆಲ ಅದನ್ನು ಕುಡಿಯಬೇಕು. ಕುಡಿಯಲಾರದ ನೆಲ ಸವಳು ಜವಳಾಗುತ್ತದೆ ಎಂಬುದನ್ನು ಕಾಲುವೆಯ ಕೆಳಗಿನ ರೈತರು ಕಂಡು ನೊಂದಿದ್ದಾರೆ.

ಗೆದ್ದಲು ಕಟ್ಟಿದ ಹುತ್ತ ಹಾವಿನ ಪಾಲೆಂಬ ಗಾದೆಯನ್ನು ಕಷ್ಟಪಟ್ಟವನ ಫಲ ಇನ್ನೊಬ್ಬನಿಗೆ ಎಂಬ ಅರ್ಥದಲ್ಲಿ ಬಳಸುವುದುಂಟು. ಆಲಮಟ್ಟಿಯ ಹಿನ್ನೀರಿಗೆ ಊರು ಬಿಟ್ಟುಕೊಟ್ಟವರಿಗೆ ಈ ಗಾದೆಯ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹಾವಾದರೋ ಹುತ್ತವನ್ನು ಒಡೆಯದೆ ಅದರಲ್ಲಿ ವಾಸಿಸುತ್ತದೆ. ಮನುಷ್ಯ ಮಾತ್ರ ವಾಸಿಸಲೂ ಬಾರದೆ, ಕಟ್ಟಲೂ ಬಾರದೆ, ಕೆಡವುತ್ತಾನೆ.

ಆಗಬೇಕಾದದ್ದು

ಬೇಡಿಕೆಗಳು ಬಹಳಿಲ್ಲ, ದುಬಾರಿಯೂ ಅಲ್ಲ.

ಮೊದಲನೆಯದಾಗಿ, ‘ಹೊಲದ ಸುತ್ತಲಿನ ಹುತ್ತಗಳನ್ನು ನಾಶಪಡಿಸಿ, ರಾಣಿಯನ್ನು ಕೊಲ್ಲಿ, ಕೀಟನಾಶಕ ಸುರಿಯಿರಿ’ ಎಂಬ ಸಾರಾಸಗಟು ಶಿಫಾರಸು ಕೃಷಿ ಕೈಪಿಡಿಗಳಿಂದ ಹೋಗಬೇಕು. ಯಾವ ಜಾತಿ, ಯಾವ ಬೆಳೆ, ಎಷ್ಟು ಹಾನಿ ಎಂದು ನೋಡದೆ ಬರೆಯುವ ಮದ್ದು ವೈದ್ಯವಲ್ಲ.

ಎರಡನೆಯದಾಗಿ, ರೈತನಿಗೆ ವಿಷವಿಲ್ಲದ ದಾರಿಗಳನ್ನು ಹೊಲದಲ್ಲಿಯೇ ತೋರಿಸಬೇಕು. ಕಳಿಯದ ಗೊಬ್ಬರ ಗೆದ್ದಲನ್ನು ಬುಡಕ್ಕೆ ಕರೆಯುತ್ತದೆ. ಚೆನ್ನಾಗಿ ಕಳಿತ ಗೊಬ್ಬರವನ್ನೇ ಹಾಕಬೇಕು. ಸಾಲುಗಳ ನಡುವೆ ಗಿಡದ ಬುಡದಿಂದ ದೂರಕ್ಕೆ ಒಣ ರವದಿ, ಕಡ್ಡಿಯ ಹೊದಿಕೆ ಹಾಕಿದರೆ ಗೆದ್ದಲಿಗೆ ಊಟವೂ ಆಯಿತು, ನೆಲಕ್ಕೆ ತೇವವೂ ಉಳಿಯಿತು. ಬೇವಿನ ಹಿಂಡಿ, ಹೊಂಗೆ ಹಿಂಡಿಗಳು ಎಳೆಯ ಸಸಿಯನ್ನು ಕಾಯಲು ನೆರವಾಗುತ್ತವೆ. ಹದವರಿತು ನೀರು ಕೊಟ್ಟ ಗಿಡ ಗೆದ್ದಲಿಗೆ ಸುಲಭವಾಗಿ ಸೋಲುವುದಿಲ್ಲ. ಇವೆಲ್ಲ ಎಲ್ಲ ಹೊಲದಲ್ಲಿಯೂ ಸಮನಾದ ಫಲ ಕೊಡುತ್ತವೆಂದು ಯಾರೂ ಆಣೆ ಮಾಡಲಾರರು. ವಿಷವೂ ಹಾಗೆ ಫಲ ಕೊಟ್ಟಿಲ್ಲ.

ಮೂರನೆಯದಾಗಿ, ಸರಕಾರದ ಹಣದಲ್ಲಿ ನಡೆಯುವ ಬದು, ಕೃಷಿಹೊಂಡ, ಕಾಲುವೆ, ಭೂಮಿ ಸಮತಟ್ಟು ಕಾಮಗಾರಿಗಳಲ್ಲಿ ಬದುವಿನ, ಗೋಮಾಳದ, ಹಳ್ಳದ ದಂಡೆಯ ಹುತ್ತಗಳನ್ನು ಮುಟ್ಟಕೂಡದೆಂಬ ನಿಯಮ ಬರಬೇಕು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಆಗಬೇಕು. ಆ ದಾಖಲೆಯಲ್ಲಿ ಊರಿನ ಹುತ್ತಗಳಿಗೂ ಒಂದು ಪುಟ ಸಿಗಲಿ.

ನಾಲ್ಕನೆಯದು ವಿದ್ಯಾರ್ಥಿಗಳ ಪಾಲಿನದು. ಮಲೆನಾಡಿನ ಶಾಲೆಯಿರಲಿ, ಮುದ್ದೇಬಿಹಾಳದ ಶಾಲೆಯಿರಲಿ, ತಮ್ಮೂರಿನ ಹುತ್ತಗಳನ್ನು ಎಣಿಸಿ, ನಕ್ಷೆ ಬರೆದು, ಎತ್ತರ ಅಳೆದು, ಯಾವ ಮರದ ಬುಡದಲ್ಲಿದೆ, ಯಾವ ತಿಂಗಳು ಅಣಬೆ ಎದ್ದಿತು, ಯಾವ ಹಕ್ಕಿ ಬಂತು ಎಂದು ವರ್ಷವಿಡೀ ಬರೆದಿಡುವ ಕೆಲಸಕ್ಕೆ ಪ್ರಯೋಗಶಾಲೆ ಬೇಕಿಲ್ಲ. ಒಂದು ನೋಟುಪುಸ್ತಕ, ಒಂದು ಅಳತೆ ಪಟ್ಟಿ ಸಾಕು. ಅಕ್ಕಪಕ್ಕದ ಇತರ ಕಟ್ಟಾಳುಗಳನ್ನೂ ಸೇರಿಸಿಕೊಳ್ಳಬಹುದು: ಗೋಡೆಗೆ ಮಣ್ಣಿನ ಕುಡಿಕೆ ಮೆತ್ತುವ ಕುಂಬಾರ ಹುಳು, ಹಸಿ ಎಲೆಗಳನ್ನು ಹೊಲಿದು ಗೂಡು ಮಾಡುವ ಚಗಳಿ, ಹೊ‍ಲದಲ್ಲಿ ಬಾಯಿಯ ಸುತ್ತ ಹೊಟ್ಟಿನ ಬಳೆ ಹಾಕಿ ಒಳಗೆ ಕಾಳು ಕೂಡಿಡುವ ಇರುವೆ. ನಾಳೆ ಯಾರಾದರೂ ಹುತ್ತ ನಿರುಪಯುಕ್ತವೆಂದು ಹೇಳಿದಾಗ ಮಕ್ಕಳ ಆ ನೋಟುಪುಸ್ತಕವೇ ಉತ್ತರವಾಗಲಿ.

ಪಂಚಮಿಯ ದಿನ ನೆಲ ಅಗೆಯಬಾರದೆಂಬ ಕಟ್ಟಳೆಯನ್ನು ಮಾಡಿದ ಹಿರಿಯರಿಗೆ ಹುತ್ತದ ಗಾಳಿಯ ಸುತ್ತು ಗೊತ್ತಿರಲಿಲ್ಲ, ಶಿಲೀಂಧ್ರದ ಹೆಸರು ಗೊತ್ತಿರಲಿಲ್ಲ. ನೆಲದೊಳಗೆ ತಮಗೆ ತಿಳಿಯದ ಯಾರೋ ದುಡಿಯುತ್ತಿದ್ದಾರೆ, ಅವರ ಮನೆಯನ್ನು ಕೆಡವಕೂಡದು ಎಂಬಷ್ಟು ಗೊತ್ತಿತ್ತು. ಆ ಒಂದು ದಿನದ ಸಂಯಮವನ್ನು ಉಳಿದ ದಿನಗಳಿಗೂ ವಿಸ್ತರಿಸಿದರೆ ಸಾಕು. ಗೆದ್ದಲಿಗೆ ಹಾಲು ಬೇಕಿಲ್ಲ, ಅದು ಹಾಲು ಕುಡಿಯುವುದೂ ಇಲ್ಲ. ಬದುವಿನ ಮೇಲೆ ಒಂದಿಷ್ಟು ಒಣ ಕಡ್ಡಿ, ಮೇಲೆ ಒಂದು ಬೇವಿನ ನೆರಳು, ಬುಡಕ್ಕೆ ವಿಷವಿಲ್ಲದ ಮಣ್ಣು. ಹಾಲಿನ ಗಿಂಡಿಯನ್ನು ಮನೆಯ ಮಗುವಿಗೆ ಕೊಟ್ಟು, ವಿಷದ ಡಬ್ಬಿಯನ್ನು ಅಂಗಡಿಯಲ್ಲೇ ಬಿಟ್ಟು ಬಂದರೆ ಅದೇ ನಿಜವಾದ ಪಂಚಮಿ.